ಹಳೆಯ ಪರ್ಷಿಯನ್ ಕಾರ್ಪೆಟ್ ಕೊಳ್ಳುವ ಮುಂಚೆ ಮಗುಚಿ ನೋಡಿ

ಪ್ರಶ್ನೆ: ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಹಾಲ್ 14 ಅಡಿಗೆ 18 ಅಡಿ ಇದೆ. ಅಲ್ಲಿ ಕೈಯಿಂದ ಗಂಟು ಹಾಕಿ ನೇಯ್ದ, ಹಳೆಯ ಪರ್ಷಿಯನ್ ಉಣ್ಣೆ ಕಾರ್ಪೆಟ್ ಹಾಸಬೇಕು ಅಂತ ಬಹಳ ದಿನದ ಆಸೆ. ಎರಡು ನೋಡಿದ್ದೇವೆ, ಎರಡೂ 9 ಅಡಿಗೆ 12 ಅಡಿ. ಒಂದು ನಾಯೀನ್. ಕೆನೆಬಣ್ಣ ಮತ್ತು ನೀಲಿ, ತುಂಬ ನುಣುಪು. '150 ವರ್ಷದ್ದು, ಚಿನ್ನದ ಹಾಗೆ ಬೆಲೆ ಏರುತ್ತೆ' ಅಂತ ಹೇಳಿ ಏಳು ಲಕ್ಷ ಕೇಳುತ್ತಿದ್ದಾರೆ. ಇನ್ನೊಂದು ಹೆರಿಜ್. ಕೆಂಪು ಬಣ್ಣ, ನಡುವೆ ಪದಕದ ಹಾಗೆ ದೊಡ್ಡ ಕೋನಾಕಾರದ ವಿನ್ಯಾಸ. ಅಲ್ಲಲ್ಲಿ ಸವೆದಿದೆ, ಎರಡು ಕಡೆ ರಿಪೇರಿ ಆಗಿದೆ. 'ಸುಮಾರು 100 ವರ್ಷ ಇರಬಹುದು' ಎಂದಷ್ಟೇ ಹೇಳಿದರು. ಅದಕ್ಕೆ ಮೂರೂವರೆ ಲಕ್ಷ. ಯಾವುದು ತೆಗೆದುಕೊಳ್ಳಲಿ? ಅಸಲಿ ಅಂತ ಗೊತ್ತಾಗುವುದು ಹೇಗೆ? ಮನೆಯಲ್ಲಿ ನಾಯಿ ಸಾಕಿದ್ದೇವೆ. ಮುಂದೆ ಅಮೆರಿಕದಲ್ಲಿರುವ ಮಗಳು ತೆಗೆದುಕೊಂಡು ಹೋಗಬಹುದೇ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಆ ಮಾತು ನಂಬಿ, ಆ ಬೆಲೆ ಕೊಟ್ಟು ನಾಯೀನ್ ತೆಗೆದುಕೊಳ್ಳಬೇಡಿ. ಹೆರಿಜ್ ಅನ್ನು ಇನ್ನೊಮ್ಮೆ ಹೋಗಿ, ಹಗಲು ಬೆಳಕಿನಲ್ಲಿ, ಕೆಳಗೆ ಹೇಳಿದ ಹಾಗೆ ನೋಡಿ. ಅದರ ಒಡಲು ಗಟ್ಟಿಯಾಗಿದ್ದರೆ ನಿಮ್ಮ ಮನೆಗೆ ಅದೇ ಸರಿ.

ನಾಯೀನ್ ಕೆಟ್ಟ ಕಾರ್ಪೆಟ್ ಏನಲ್ಲ. ಒಳ್ಳೆಯ ನಾಯೀನ್ ನೋಡಿದರೆ ಯಾರಿಗಾದರೂ ಮನಸ್ಸು ಸೋಲುತ್ತದೆ. ತೊಂದರೆ ಇರುವುದು ಆ 150 ವರ್ಷದ ಕಥೆಯಲ್ಲಿ. ನಾಯೀನ್ ಎನ್ನುವುದು ಇರಾನಿನ, ಅಂದರೆ ಹಳೆಯ ಪರ್ಷಿಯಾದ, ಇಸ್ಫಹಾನ್ ನಗರದ ಪೂರ್ವಕ್ಕೆ, ಮರಳುಗಾಡಿನ ಅಂಚಿನಲ್ಲಿರುವ ಸಣ್ಣ ಊರು. ಅಲ್ಲಿನ ನೇಕಾರರು ಮೊದಲು ಹೆಸರು ಮಾಡಿದ್ದು 'ಅಬಾ' ಎಂಬ ಉಣ್ಣೆಯ ನಿಲುವಂಗಿಯ ಬಟ್ಟೆಗೆ. ಇರಾನಿನ ದೊರೆ ರೆಜಾ ಶಾ ಕಾಲದಲ್ಲಿ ಅಲ್ಲಿನ ಗಂಡಸರು ಕೋಟು, ಪ್ಯಾಂಟಿಗೆ ಬದಲಾದರು. ಅಬಾ ಕೊಳ್ಳುವವರು ಕಡಿಮೆಯಾದರು. ಸಣ್ಣ ನೂಲಿನ ಕೆಲಸದಲ್ಲಿ ಪಳಗಿದ್ದ ಅದೇ ಕೈಗಳು 1920, 30ರ ದಶಕಗಳಲ್ಲಿ ಕಾರ್ಪೆಟ್ ಮಗ್ಗಕ್ಕೆ ಬಂದವು. ಅಂದರೆ ಅತಿ ಹಳೆಯ ನಾಯೀನ್ ಕಾರ್ಪೆಟ್ಟಿಗೂ ಈಗ ಹೆಚ್ಚುಕಡಿಮೆ 100 ವರ್ಷ. ಅಂಗಡಿಗಳಲ್ಲಿ ಸಿಗುವ ಹೆಚ್ಚಿನವು ಎರಡನೇ ಮಹಾಯುದ್ಧದ ನಂತರದವು. 150 ವರ್ಷದ ನಾಯೀನ್ ಇರುವುದಕ್ಕೆ ಸಾಧ್ಯವೇ ಇಲ್ಲ. ಮಾರುವವರಿಗೆ ಇದು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳುತ್ತಿದ್ದಾರೆ. ಎರಡರಲ್ಲಿ ಯಾವುದಾದರೂ ಏಳು ಲಕ್ಷ ಕೊಡುವ ಜಾಗ ಅದಲ್ಲ, ಅಲ್ವಾ?

ಅದನ್ನು ಹಳೆಯದು ಅಂತ ಅಲ್ಲದೆ ಒಳ್ಳೆಯ ನಾಯೀನ್ ಅಂತ ಮಾರಿದರೆ ಆಗ ಬೇರೆ ಮಾತು. ಆಗ ಕೇಳಬೇಕಾದ ಪ್ರಶ್ನೆ 'ಎಷ್ಟು ಲಾ?' ಎಂದು. ಮಗ್ಗದಲ್ಲಿ ಉದ್ದಕ್ಕೆ ಎಳೆದ ದಾರ ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ಲಾ ಅಂದರೆ ಹಾಸಿನ ಒಂದು ದಾರದಲ್ಲಿ ಹುರಿಗೊಂಡ ಎಳೆಗಳ ಲೆಕ್ಕ. ತುದಿಯ ಕುಚ್ಚಿನಲ್ಲಿ ಒಂದು ದಾರ ಬಿಡಿಸಿ ನೀವೇ ಎಣಿಸಬಹುದು. ಒಂಬತ್ತು ಎಳೆ ಇದ್ದರೆ ದಪ್ಪ ಕೆಲಸ, ಆರು ಇದ್ದರೆ ಸಣ್ಣ ಕೆಲಸ, ನಾಲ್ಕು ಇದ್ದರೆ ಅತಿ ಸಣ್ಣ ಕೆಲಸ. ಬೆಲೆಯೂ ಆ ಲೆಕ್ಕದಂತೆಯೇ ಬದಲಾಗುತ್ತದೆ.

ಇದೇ ಕಥೆ ಖುಮ್ ಊರಿನ ಕಾರ್ಪೆಟ್ಟುಗಳದ್ದೂ. ಅಲ್ಲಿ ಮಗ್ಗ ಶುರುವಾದದ್ದು 1930ರ ದಶಕದಲ್ಲಿ. 'ನಮ್ಮಜ್ಜನ ಕಾಲದ ಖುಮ್ ರೇಷ್ಮೆ, 200 ವರ್ಷದ್ದು' ಅಂತ ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ ಹೊರಗೆ ಬನ್ನಿ. ತಬ್ರಿಜ್, ಕಾಶಾನ್, ಕೆರ್ಮಾನ್, ಹೆರಿಜ್, ಬಿಜಾರ್, ಹಮದಾನ್ ಸುತ್ತಿನ ಹಳ್ಳಿಗಳು, ಕಶ್ಕಾಯಿ ಅಲೆಮಾರಿಗಳು, ಇವರ ಕೆಲಸ 19ನೇ ಶತಮಾನದ್ದು ಈಗಲೂ ಸಿಗುತ್ತದೆ. ಅದಕ್ಕಿಂತ ಹಿಂದಿನದ್ದು ಹೆಚ್ಚಾಗಿ ಮ್ಯೂಸಿಯಮ್ಮುಗಳಲ್ಲಿದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಅರ್ದಬಿಲ್ ಕಾರ್ಪೆಟ್ಟಿನ ಮೇಲೆ ಇಸ್ಲಾಮಿಕ್ ಪಂಚಾಂಗದ ಹಿಜರಿ 946 ಎಂದು ನೇಯ್ದಿದೆ. ನಮ್ಮ ಲೆಕ್ಕದಲ್ಲಿ ಅದು 1539-40.

ವರ್ಷ ನೇಯ್ದಿರುವ ಕಾರ್ಪೆಟ್ ಎಂದು ತೋರಿಸಿದರೂ ಕಣ್ಣು ಮುಚ್ಚಿ ನಂಬಬೇಡಿ. ಪರ್ಷಿಯನ್ ಅಂಕಿಗಳಲ್ಲಿ ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಹಲ್ಲು ಮಾತ್ರ. ಕೆಲವು ಗಂಟು ಕಿತ್ತು ಬೇರೆ ಬಣ್ಣದ ಉಣ್ಣೆ ಹಾಕಿದರೆ 1321 ಹೋಗಿ 1221 ಆಗುತ್ತದೆ, ಒಂದೇ ಮಧ್ಯಾಹ್ನದಲ್ಲಿ ಕಾರ್ಪೆಟ್ಟಿಗೆ 100 ವರ್ಷ ಜಾಸ್ತಿ ವಯಸ್ಸು. ಹಿಂದುಗಡೆಯಿಂದ ಆ ಅಂಕಿಯ ಜಾಗ ನೋಡಿ. ಅಲ್ಲಿನ ಉಣ್ಣೆ ಸುತ್ತಲಿನದಕ್ಕಿಂತ ಹೊಸದಾಗಿ ಕಂಡರೆ ಗೊತ್ತಾಗಿಬಿಡುತ್ತದೆ. ಇನ್ನೊಂದು ಗೊಂದಲವೂ ಇದೆ. 1321 ಚಾಂದ್ರಮಾನದ ಹಿಜರಿ ಆದರೆ ಅದು 1903. ಇರಾನ್ 1925ರಲ್ಲಿ ಸೌರಮಾನದ ಪಂಚಾಂಗಕ್ಕೆ ಬದಲಾಯಿತು. ಆ ಲೆಕ್ಕದಲ್ಲಿ ಅದೇ 1321 ಎಂದರೆ 1942. ಅಂಕಿ ಒಂದೇ, ನಡುವೆ ಸುಮಾರು 40 ವರ್ಷದ ಅಂತರ. ಯಾವುದು ಎಂದು ಉಣ್ಣೆ, ಬಣ್ಣ, ನೇಯ್ಗೆ ನೋಡಿಯೇ ತೀರ್ಮಾನಿಸಬೇಕು.

ಅದಕ್ಕೇ 'ಸುಮಾರು 100 ಇರಬಹುದು' ಎಂದ ನಿಮ್ಮ ಹೆರಿಜ್ ವ್ಯಾಪಾರಿಯ ಮಾತು ನನಗೆ ಹಿಡಿಸಿತು. ಈ ಕೆಲಸ ಬಲ್ಲವರು ವಯಸ್ಸನ್ನು ಹತ್ತಿಪ್ಪತ್ತು ವರ್ಷದ ಅಂದಾಜಿನಲ್ಲೇ ಹೇಳುತ್ತಾರೆ. ವ್ಯಾಪಾರದ ರೂಢಿಯಲ್ಲಿ 100 ದಾಟಿದ್ದು ಆ್ಯಂಟಿಕ್, 50ರಿಂದ 100ರ ಒಳಗಿನದು ಸೆಮಿ ಆ್ಯಂಟಿಕ್. ಮನೆಯಲ್ಲಿ ಓಡಾಡುವ ಜಾಗಕ್ಕೆ 95 ಆದರೇನು, 105 ಆದರೇನು? ಉಣ್ಣೆ ಜೀವಂತವಾಗಿರಬೇಕು, ಹಾಸು ಹೊಕ್ಕು ಗಟ್ಟಿ ಇರಬೇಕು, ಬಣ್ಣ ನಿಂತಿರಬೇಕು. ನಾನು ಮೊದಲು ನೋಡುವುದು ಈ ಮೂರನ್ನು, ವಯಸ್ಸು ಆಮೇಲೆ.

ಈಗ ಪರೀಕ್ಷೆಗೆ ಬರೋಣ. ಅಂಗಡಿಯಲ್ಲಿ ಮುಂಭಾಗ ನೋಡುತ್ತಾ ಕೂರಬೇಡಿ. ಮೂಲೆ ಹಿಡಿದು ಮಗುಚಿ. ಕೈಯಿಂದ ಗಂಟು ಹಾಕಿದ ಕಾರ್ಪೆಟ್ಟಿನಲ್ಲಿ ಮುಂದಿನ ಚಿತ್ರ ಅಷ್ಟೇ ಸ್ಪಷ್ಟವಾಗಿ ಹಿಂದೆಯೂ ಕಾಣುತ್ತದೆ. ಒಂದೊಂದು ಬಣ್ಣದ ಚುಕ್ಕೆಯೂ ಒಂದೊಂದು ಗಂಟು. ಸಾಲುಗಳು ಅಲ್ಲಲ್ಲಿ ಸ್ವಲ್ಪ ಓರೆ, ಗಂಟುಗಳು ಸ್ವಲ್ಪ ಹೆಚ್ಚುಕಡಿಮೆ. ಹಿಂದೆ ಕ್ಯಾನ್ವಾಸ್ ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್. ಗನ್ನಿನಲ್ಲಿ ಉಣ್ಣೆ ಚುಚ್ಚಿ, ರಬ್ಬರಿನ ಅಂಟು ಬಳಿದು ಮಾಡಿದ್ದು. 'ಹ್ಯಾಂಡ್‌ಮೇಡ್' ಅಂತಲೇ ಮಾರುತ್ತಾರೆ. ಮಾತು ಸುಳ್ಳಲ್ಲ, ಆದರೆ ಅದರಲ್ಲಿ ಗಂಟೇ ಇರುವುದಿಲ್ಲ. ವರ್ಷಗಳು ಕಳೆದಂತೆ ಅಂಟು ಒಣಗಿ ಪುಡಿಯಾಗಿ ಉದುರುತ್ತದೆ. ಆಮೇಲೆ ಕುಚ್ಚು ನೋಡಿ. ಕುಚ್ಚು ಎಂದರೆ ಹಾಸಿನ ದಾರಗಳ ತುದಿಯೇ. ಕಾರ್ಪೆಟ್ಟಿನ ಒಳಗಿಂದಲೇ ಅದು ಹೊರಗೆ ಬರಬೇಕು. ಹೊಲಿದು ಸೇರಿಸಿದ್ದರೆ ಒಂದೋ ಅದು ಮೆಷಿನ್ನಿನದ್ದು, ಇಲ್ಲವೇ ಹಳೆಯ ಕುಚ್ಚು ಸವೆದು ಹೊಸದು ಹಾಕಿದ್ದಾರೆ. ಹಳೆಯ ಕಾರ್ಪೆಟ್ಟಿನಲ್ಲಿ ಎರಡನೆಯದು ದೊಡ್ಡ ದೋಷವಲ್ಲ. ಆದರೆ ಕುಚ್ಚಿನ ಜೊತೆಗೆ ಅಂಚಿನ ಪಟ್ಟಿಯೂ ಹೋಗಿದೆಯಾ ನೋಡಿ. ಎರಡು ತುದಿಗಳಲ್ಲೂ ಅಂಚಿನ ಪಟ್ಟಿಗಳು ಒಂದೇ ಲೆಕ್ಕದಲ್ಲಿರಬೇಕು. ಒಂದು ಕಡೆ ಮೂರು, ಇನ್ನೊಂದು ಕಡೆ ಎರಡೇ ಇದ್ದರೆ ಹರಿದ ಭಾಗವನ್ನು ಕತ್ತರಿಸಿ ತೆಗೆದಿದ್ದಾರೆ ಎಂದರ್ಥ. ಅಂಥದ್ದಕ್ಕೆ ಬೆಲೆ ಬಹಳ ಇಳಿಯಬೇಕು.

ಗಂಟಿನ ಲೆಕ್ಕದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಎಲ್ಲ ಅಂಗಡಿಯವರೂ ಅದನ್ನೇ ಹೇಳುತ್ತಾರೆ. ಚದರ ಇಂಚಿಗೆ ಇಷ್ಟು ಗಂಟು ಎಂದ ಕೂಡಲೇ ಜಾಸ್ತಿ ಇದ್ದರೆ ಒಳ್ಳೆಯದು ಅನ್ನಿಸುತ್ತದೆ. ಇಸ್ಫಹಾನ್, ನಾಯೀನ್ ತರಹ ಬಳ್ಳಿ ಹೂವಿನ ಸಣ್ಣ ಕೆಲಸಕ್ಕೆ ಅದು ನಿಜ. ಬಾಗಿದ ಗೆರೆ ನುಣುಪಾಗಿ ಬರಬೇಕಾದರೆ ಗಂಟು ಒತ್ತಾಗಿಯೇ ಇರಬೇಕು. ಆದರೆ ಹೆರಿಜ್ ಹುಟ್ಟಿದ ರೀತಿಯೇ ಬೇರೆ. ತಬ್ರಿಜ್‌ನ ಪೂರ್ವಕ್ಕೆ, ಸಬಲಾನ್ ಬೆಟ್ಟದ ಕಡೆಯ ಹಳ್ಳಿಗಳು ಅವು. ನಗರದ ದುಂಡು ದುಂಡು ವಿನ್ಯಾಸಗಳನ್ನು ಹಳ್ಳಿಯ ನೇಕಾರರು ತಮ್ಮ ಕೈಗೆ ಒಗ್ಗಿಸಿಕೊಂಡು ನೇರ ಗೆರೆ, ಕೋನಗಳಿಗೆ ಬದಲಾಯಿಸಿದರು. ದಪ್ಪ ನೂಲು, ದೊಡ್ಡ ಗಂಟು, ಗಟ್ಟಿ ಉಣ್ಣೆ. ಚದರ ಇಂಚಿಗೆ 50, 60 ಗಂಟು ಇದ್ದರೂ ಅದು ಒಳ್ಳೆಯ ಹೆರಿಜ್. ಅದನ್ನು 300 ಗಂಟಿನ ಕಾಶಾನ್ ಜೊತೆ ಹೋಲಿಸಿ ಕಡಿಮೆ ಎನ್ನುವುದು ಸರಿಯಲ್ಲ.

ನೀವೇ ಎಣಿಸುವುದಾದರೆ ಒಂದು ಮೋಸ ಗಮನಿಸಿ. ಒಂದು ಗಂಟು ಎರಡು ಹಾಸಿನ ದಾರಗಳನ್ನು ಹಿಡಿಯುತ್ತದೆ. ಹಾಸಿನ ದಾರಗಳು ಒಂದೇ ಮಟ್ಟದಲ್ಲಿದ್ದರೆ ಹಿಂದುಗಡೆ ಒಂದೇ ಗಂಟು ಎರಡು ಉಬ್ಬುಗಳಾಗಿ ಕಾಣುತ್ತದೆ. ಉಬ್ಬುಗಳನ್ನೇ ಎಣಿಸಿ ಲೆಕ್ಕವನ್ನು ದುಪ್ಪಟ್ಟು ಹೇಳುವವರಿದ್ದಾರೆ. ಇನ್ನೊಂದು ವಂಚನೆ 'ಜುಫ್ತಿ' ಗಂಟು. ಎರಡರ ಬದಲು ನಾಲ್ಕು ದಾರಕ್ಕೆ ಒಂದೇ ಗಂಟು ಹಾಕುವುದು. ಕೆಲಸ ಬೇಗ ಮುಗಿಯುತ್ತದೆ, ಉಣ್ಣೆ ಉಳಿಯುತ್ತದೆ, ಕಾರ್ಪೆಟ್ ಮಾತ್ರ ತೆಳುವಾಗಿ ಬೇಗ ಸವೆಯುತ್ತದೆ. ಖುರಾಸಾನ್ ಕಡೆಯ, ಅಂದರೆ ಮಶ್ಹದ್ ಸುತ್ತಿನ ಕಾರ್ಪೆಟ್ಟುಗಳಲ್ಲಿ ಇದು ಹೆಚ್ಚು.

ಇದರ ಹಿಂದಿನ ಶ್ರಮ ಎಷ್ಟು ಗೊತ್ತಾ? 9 ಅಡಿಗೆ 12 ಅಡಿ, ಚದರ ಇಂಚಿಗೆ 100 ಗಂಟು ಎಂದರೆ ಒಟ್ಟು 15 ಲಕ್ಷ 55 ಸಾವಿರ ಗಂಟು. ಒಬ್ಬರೇ ಕೂತು ದಿನಕ್ಕೆ ಎಂಟು ಸಾವಿರ ಗಂಟು ಹಾಕಿದರೂ ಒಂದು ದಿನವೂ ಬಿಡದೆ ಆರು ತಿಂಗಳ ಮೇಲೆ ಬೇಕು. ಹೆಚ್ಚಿನ ಕಡೆ ಈ ಗಂಟು ಹಾಕಿದವರು ಹೆಂಗಸರು, ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು. ಚೌಕಾಸಿ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಸವೆದ ಕಾರ್ಪೆಟ್ಟನ್ನು 'ಹಳೇ ಚಿಂದಿ' ಎಂದು ಜರಿದು ಬೆಲೆ ಇಳಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಉಣ್ಣೆಗೆ ಬರೋಣ. ಅಂಗೈಯನ್ನು ಗಟ್ಟಿಯಾಗಿ ಒತ್ತಿ ಉಜ್ಜಿ. ಒಳ್ಳೆಯ ಉಣ್ಣೆಯಲ್ಲಿ ಕುರಿಯ ಮೈಜಿಡ್ಡು ಸ್ವಲ್ಪ ಉಳಿದಿರುತ್ತದೆ. ಕೈಗೆ ನಯ, ಬೆಳಕಿಗೆ ಮಂದ ಹೊಳಪು. ಒತ್ತಿದರೆ ಮೇಲೆದ್ದು ಬರುತ್ತದೆ. ಅದೇ ಸತ್ತ ಕುರಿಯ ಚರ್ಮದಿಂದ ಸುಣ್ಣ ಹಾಕಿ ಕಿತ್ತ ಉಣ್ಣೆ ಒಣಒಣ, ಜೀವ ಇರುವುದಿಲ್ಲ, ಉಜ್ಜಿದರೆ ಪುಡಿ ಪುಡಿ ಎಳೆ ಕೈಗೆ ಬರುತ್ತದೆ. ಎಷ್ಟು ಚೆಂದದ ವಿನ್ಯಾಸ ಇದ್ದರೂ ಅಂಥದ್ದು ಬೇಡ. ಅನುಮಾನ ಇದ್ದರೆ ಒಂದು ಸಣ್ಣ ಎಳೆ ಕೇಳಿ ತೆಗೆದುಕೊಂಡು ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಿಗೆ ಪುಡಿಯಾಗುವ ಕರಿ ಉಳಿಸುತ್ತದೆ. ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ ಅಂತ ಮಾರುವ ವಿಸ್ಕೋಸ್ ಕಾಗದ ಸುಟ್ಟ ವಾಸನೆ ಕೊಡುತ್ತದೆ. ನಾಯೀನ್‌ನಲ್ಲಿ ಹೂವಿನ ಸುತ್ತಲಿನ ಬಿಳಿ ಗೆರೆಗೆ ರೇಷ್ಮೆ ಬಳಸುವ ರೂಢಿ ಇದೆ, ಅಲ್ಲಿ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ.

ಬಣ್ಣದ ವಿಷಯ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಹಳೆಯ ಹೆರಿಜ್‌ನ ಆ ಇಟ್ಟಿಗೆ ಕೆಂಪು ಬರುವುದು ಮಂಜಿಷ್ಠದ ಜಾತಿಗೆ ಸೇರಿದ ಗಿಡದ ಬೇರಿನಿಂದ. ಉಣ್ಣೆಗೆ ಮೊದಲು ಪಟಿಕದ ನೀರು ಕುಡಿಸುತ್ತಾರೆ, ಆಗ ಬಣ್ಣ ಎಳೆಗೆ ಕಚ್ಚಿಕೊಳ್ಳುತ್ತದೆ. ನೀಲಿ ಬರುವುದು ನೀಲಿ ಗಿಡದಿಂದ. ಹಳದಿಗೆ ದಾಳಿಂಬೆ ಸಿಪ್ಪೆ ಮತ್ತು ಕೆಲವು ಕಾಡುಗಿಡಗಳು, ಕಂದಿಗೆ ಅಕ್ರೋಟಿನ ಹೊರಸಿಪ್ಪೆ. ಹಳದಿಯ ಮೇಲೆ ನೀಲಿ ಹಾಕಿದರೆ ಹಸಿರು. ಒಂದೊಂದು ಸಲ ಅದ್ದಿದಾಗಲೂ ಬಣ್ಣ ಸ್ವಲ್ಪ ಬೇರೆ ಬರುತ್ತದೆ. ಹಾಗಾಗಿ ಒಂದೇ ನೀಲಿಯ ನೆಲದಲ್ಲಿ ಒಂದು ಪಟ್ಟಿ ಗಾಢ, ಮುಂದಿನ ಪಟ್ಟಿ ತಿಳಿ ಕಾಣಬಹುದು. ಇದಕ್ಕೆ 'ಅಬ್ರಾಶ್' ಎನ್ನುತ್ತಾರೆ. ಗೊತ್ತಿಲ್ಲದವರು ದೋಷ ಅಂದುಕೊಳ್ಳುತ್ತಾರೆ. ಬಲ್ಲವರು ಅದಕ್ಕಾಗಿಯೇ ಹುಡುಕುತ್ತಾರೆ.

1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಮೊದಲ ಕೃತಕ ನೇರಳೆ ಬಣ್ಣ ಕಂಡುಹಿಡಿದ. ಕೆಲವೇ ದಶಕಗಳಲ್ಲಿ ಅನಿಲೀನ್ ಎಂಬ ಇಂಥ ಕೃತಕ ಬಣ್ಣಗಳು ಇರಾನಿನ ಬಜಾರುಗಳಿಗೂ ಬಂದವು. ಅಗ್ಗ, ಸುಲಭ, ಆದರೆ ಬಿಸಿಲಿಗೆ ಬಿಳಚುತ್ತಿದ್ದವು, ನೀರಿಗೆ ಹರಿಯುತ್ತಿದ್ದವು. ಕಾರ್ಪೆಟ್ಟಿನ ಹೆಸರು ಕೆಡುತ್ತದೆ ಎಂದು ಆಗ ಇರಾನ್ ಆಳುತ್ತಿದ್ದ ಕಜಾರ್ ದೊರೆಗಳು ಅವುಗಳ ಮೇಲೆ ನಿಷೇಧವನ್ನೂ ಹಾಕಿದರು, ಪೂರ್ತಿ ನಿಲ್ಲಿಸಲು ಆಗಲಿಲ್ಲ. ಇದನ್ನು ಪತ್ತೆ ಮಾಡುವುದು ಸುಲಭ. ಎರಡೂ ಹೆಬ್ಬೆರಳಿನಿಂದ ಉಣ್ಣೆಯನ್ನು ಬಿಡಿಸಿ ಗಂಟಿನ ಬುಡದವರೆಗೆ ನೋಡಿ. ಗಿಡದ ಬಣ್ಣ ತುದಿಯಿಂದ ಬುಡಕ್ಕೆ ನಿಧಾನವಾಗಿ ಗಾಢವಾಗುತ್ತದೆ, ಆದರೆ ಅದೇ ಬಣ್ಣದ ಮನೆಯಲ್ಲೇ ಇರುತ್ತದೆ. ಹಳೆಯ ಅನಿಲೀನ್ ಆದರೆ ತುದಿ ಬೂದು, ಬುಡದಲ್ಲಿ ಕಣ್ಣು ಕುಕ್ಕುವ ನೇರಳೆ ಅಥವಾ ಗುಲಾಬಿ. ಕೆಮಿಕಲ್ ಹಾಕಿ ತೊಳೆದು 'ಹಳೆಯ' ನೋಟ ಕೊಟ್ಟಿದ್ದರೆ ತುದಿ ಎಲ್ಲ ಕಡೆ ಒಂದೇ ಸಮನೆ ಬಿಳಚಿರುತ್ತದೆ. ನಿಜವಾದ ವಯಸ್ಸು ಹಾಗೆ ಸಮನಾಗಿ ಬರುವುದಿಲ್ಲ. ಕಿಟಕಿ ಕಡೆ ಇದ್ದ ಭಾಗ ಬೇರೆ, ಸೋಫಾ ಕೆಳಗಿದ್ದ ಭಾಗ ಬೇರೆ. 20ನೇ ಶತಮಾನ ಮುಂದೆ ಸರಿದಂತೆ ಕ್ರೋಮ್ ಬಣ್ಣಗಳು ಬಂದವು. ಅವು ಗಟ್ಟಿ, ಹರಿಯುವುದಿಲ್ಲ. ಕೃತಕ ಎಂದ ಮಾತ್ರಕ್ಕೆ ಅವನ್ನು ತಳ್ಳಿಹಾಕಬೇಕಿಲ್ಲ.

ನಿಮ್ಮ ಹೆರಿಜ್‌ನಲ್ಲಿ ಕಪ್ಪು, ಕಡುಗಂದು ಗೆರೆಗಳು ಸುತ್ತಲಿನದಕ್ಕಿಂತ ತಗ್ಗಾಗಿ ಕಾಣಬಹುದು. ಹೆದರಬೇಡಿ. ಕಪ್ಪು ಬರಿಸಲು ಕಬ್ಬಿಣದ ಅಂಶ ಸೇರಿಸುತ್ತಿದ್ದರು, ಅದು ನಿಧಾನವಾಗಿ ಉಣ್ಣೆಯನ್ನು ತಿನ್ನುತ್ತದೆ. ಓಡಾಟವಿಲ್ಲದ ಮೂಲೆಗಳಲ್ಲೂ ಅದೇ ರೀತಿ ತಗ್ಗಾಗಿದ್ದರೆ ವಯಸ್ಸಿಗೆ ಅದೊಂದು ಒಳ್ಳೆಯ ಸಾಕ್ಷಿ.

ಮುಖ್ಯವಾದ ಪರೀಕ್ಷೆ ಇನ್ನೂ ಇದೆ. ಬಿಳಿ ಹತ್ತಿ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ಕೆಂಪು, ನೀಲಿ, ಕಪ್ಪಿನ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಬಟ್ಟೆಗೆ ಬಂದರೆ ನಿಲ್ಲಿ. ಸವೆದ ಜಾಗದಲ್ಲಿ ಇನ್ನೂ ಗಟ್ಟಿಯಾಗಿ ಉಜ್ಜಿ. ಉಣ್ಣೆ ಹೋಗಿ ಬಿಳಿ ದಾರ ಕಾಣುವ ಕಡೆ ಶಾಯಿಯಿಂದ, ಸ್ಕೆಚ್ ಪೆನ್ನಿನಿಂದ ಬಣ್ಣ ಬಳಿದು ಮುಚ್ಚುವುದು ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಚಾಳಿ. 1920ರ ದಶಕದಲ್ಲಿ ಇರಾನಿನ ಸರೂಕ್ ಊರಿನಿಂದ ಅಮೆರಿಕಕ್ಕೆ ಹೋದ ಕಾರ್ಪೆಟ್ಟುಗಳಿಗಂತೂ ಇಡೀ ಕೆಂಪು ನೆಲವನ್ನೇ ಕೈಯಿಂದ ಬಳಿದರು. ಅಲ್ಲಿನ ಗಿರಾಕಿಗಳಿಗೆ ಕಡುಗೆಂಪು ಬೇಕಿತ್ತು ಅಂತ. ಹಿಂದೆ ತಿಳಿ ಗುಲಾಬಿ, ಮುಂದೆ ಮರೂನ್ ಕಂಡರೆ ಅದು ಹಾಗೆ ಬಳಿದದ್ದು.

ಈಗ ಸವೆತ ಮತ್ತು ರಿಪೇರಿ. ನಿಮಗೆ ಭಯ ಇರುವುದೇ ಇಲ್ಲಿ ಅಂತ ಪ್ರಶ್ನೆಯಲ್ಲೇ ಕಂಡಿತು. ಉಣ್ಣೆ ತಗ್ಗಾಗಿದ್ದರೂ ಗಂಟು ಇನ್ನೂ ಇದ್ದರೆ ಅದು ಸಹಜ ಸವೆತ. ಮನೆಗೆ ಧಾರಾಳವಾಗಿ ತರಬಹುದು. ಗಂಟೂ ಹೋಗಿ ಹಾಸು ಹೊಕ್ಕಿನ ದಾರ ಕಾಣುತ್ತಿದ್ದರೆ ಎಷ್ಟು ಕಡೆ, ಎಷ್ಟು ಅಗಲ ಎಂದು ಅಳೆದು ಬೆಲೆ ಮಾತಾಡಿ. ರಿಪೇರಿಯಲ್ಲಿ ಎರಡು ಬಗೆ. ಒಂದೊಂದೇ ಗಂಟು ಮತ್ತೆ ಹಾಕಿದ ರಿಪೇರಿ ಮುಂದಿನಿಂದ ಗೊತ್ತೇ ಆಗುವುದಿಲ್ಲ, ಹಿಂದಿನಿಂದ ಮಾತ್ರ ಸ್ವಲ್ಪ ಬೇರೆ ಕಾಣುತ್ತದೆ. ಅದು ಕಾರ್ಪೆಟ್ಟಿನ ಆಯುಸ್ಸು ಹೆಚ್ಚಿಸಿದ ಕೆಲಸ. ಇನ್ನೊಂದು, ಬೇರೆ ಕಾರ್ಪೆಟ್ಟಿನ ತುಂಡು ಕತ್ತರಿಸಿ ಹೊಲಿದದ್ದು ಅಥವಾ ಹಿಂದಿನಿಂದ ಬಟ್ಟೆ ಅಂಟಿಸಿದ್ದು. ಅಂಟು ಇದ್ದರೆ ಬೇಡ, ಮುಂದೆ ಸರಿಪಡಿಸಲೂ ಆಗದ ಹಾಗೆ ಅದು ಹಾಳು ಮಾಡುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾಯಿಲೆ ಕಣ್ಣಿಗೆ ಕಾಣುವುದಿಲ್ಲ. ಹೆರಿಜ್‌ನ ಹಾಸು ಹೊಕ್ಕು ಹತ್ತಿಯದು. ಬಹಳ ಕಾಲ ತೇವದಲ್ಲಿದ್ದರೆ ಹತ್ತಿ ಒಳಗೇ ಕೊಳೆತು ಹಪ್ಪಳದಂತಾಗುತ್ತದೆ. ಕಾರ್ಪೆಟ್ಟಿನ ಬೇರೆ ಬೇರೆ ಕಡೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮಡಚಿ, ಕಿವಿ ಹತ್ತಿರ ಇಡಿ. ಚಿಟಪಟ ಮುರಿಯುವ ಸದ್ದು ಬಂದರೆ ಅದಕ್ಕೆ ಔಷಧಿಯೇ ಇಲ್ಲ. ಕುಂಡ ಇಟ್ಟಿದ್ದ ಜಾಗದಲ್ಲಿ ಇದು ಹೆಚ್ಚು, ದುಂಡಗಿನ ಕಲೆ ಕಂಡರೆ ಅಲ್ಲಿ ವಿಶೇಷವಾಗಿ ನೋಡಿ. ಮಂಗಳೂರು, ಉಡುಪಿ ಕಡೆ ಹಳೆಯ ಬಂಗಲೆಗಳಿಂದ ಬಂದ ಕಾರ್ಪೆಟ್ ಆದರೆ ಈ ಪರೀಕ್ಷೆ ಬಿಡಲೇಬೇಡಿ. ಒಂದು ಎಚ್ಚರಿಕೆ: ಬಿಜಾರ್ ಕಾರ್ಪೆಟ್ಟನ್ನು ಹೀಗೆ ಮಡಚಬಾರದು. ಹೊಕ್ಕನ್ನು ಒದ್ದೆ ಮಾಡಿ ಬಡಿದು ಬಡಿದು ಅವು ಹಲಗೆಯಂತೆ ಗಟ್ಟಿಯಾಗಿರುತ್ತವೆ, ಮಡಚಿದರೆ ಒಳಗಿನ ದಾರ ತುಂಡಾಗಬಹುದು. ಅವನ್ನು ಸುತ್ತಿಯೇ ಇಡಬೇಕು.

ಇನ್ನೊಂದು ವಿಷಯ. ಬೆಂಗಳೂರಿನ ಅಂಗಡಿಗಳಲ್ಲಿ 'ಪರ್ಷಿಯನ್' ಎಂದು ತೋರಿಸುವುದರಲ್ಲಿ ಬಹಳಷ್ಟು ಕಾಶ್ಮೀರದ್ದು, ಭದೋಹಿ ಮಿರ್ಜಾಪುರದ್ದು, ಜೈಪುರದ್ದು. ವಿನ್ಯಾಸ ಕಾಶಾನ್‌ನದ್ದು, ಕೆಲಸ ನಮ್ಮ ದೇಶದ್ದು. ಅದರಲ್ಲಿ ತಪ್ಪೇನೂ ಇಲ್ಲ. 'ತಾಲೀಮ್' ಎಂಬ ಸಂಕೇತದ ಬರಹ ಓದಿಕೊಂಡು ಒಂದೊಂದೇ ಗಂಟು ಹಾಕುವ ಕಾಶ್ಮೀರದ ನೇಕಾರರ ಕೈ ಯಾರಿಗೂ ಕಡಿಮೆಯಲ್ಲ. ಹೆಸರು ಸರಿಯಾಗಿ ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಬೇಕು ಅಷ್ಟೆ. ಬಿಲ್ಲಿನಲ್ಲಿ 'ಪರ್ಷಿಯನ್ ಡಿಸೈನ್' ಎಂದಿದೆಯೋ, 'ಮೇಡ್ ಇನ್ ಇರಾನ್' ಎಂದಿದೆಯೋ ಓದಿ. ಪರ್ಷಿಯಾದ ಜೊತೆ ನಮ್ಮ ನಾಡಿಗೆ ಹಳೆಯ ನಂಟೇ ಇದೆ. ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಮ್ಮಿಗೆ ಹೋದರೆ ಹಳೆಯ ಕಾರ್ಪೆಟ್ಟುಗಳನ್ನು ನೋಡಬಹುದು. ಕೊಳ್ಳುವ ಮುಂಚೆ ಕಣ್ಣು ಪಳಗಿಸಲು ಅಲ್ಲಿಗೂ, ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೂ ಹೋಗಿ ಬನ್ನಿ. ಇಷ್ಟು ದುಡ್ಡು ಹಾಕುವ ಮುಂಚೆ ಒಂದು ವಾರಾಂತ್ಯ ಹೋದರೆ ನಷ್ಟವಿಲ್ಲ.

'ಚಿನ್ನದ ಹಾಗೆ ಏರುತ್ತೆ' ಎಂಬ ಮಾತನ್ನು ಮರೆತುಬಿಡಿ. ಚಿನ್ನಕ್ಕೆ ದಿನದ ದರ ಇದೆ, ಯಾವ ಊರಿನಲ್ಲಾದರೂ ಮಾರಬಹುದು. ಕಾರ್ಪೆಟ್ಟಿಗೆ ಕೊಳ್ಳುವವರು ಸಿಗುವುದೇ ಕಷ್ಟ. 2013ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 17ನೇ ಶತಮಾನದ ಕೆರ್ಮಾನ್ ಕಾರ್ಪೆಟ್ ಒಂದು 3.37 ಕೋಟಿ ಡಾಲರಿಗೆ ಹೋಯಿತು. ಅಂಗಡಿಯವರು ಇಂಥ ಸುದ್ದಿ ಹೇಳಿ ಆಸೆ ಹುಟ್ಟಿಸುತ್ತಾರೆ. ಆ ಕಾರ್ಪೆಟ್ಟಿಗೂ ನಮ್ಮ ನಿಮ್ಮ ಹಾಲಿನ ಕಾರ್ಪೆಟ್ಟಿಗೂ ಯಾವ ಸಂಬಂಧವೂ ಇಲ್ಲ. ದಿನಾ ನೋಡಿ ಖುಷಿಪಡಲು ತೆಗೆದುಕೊಳ್ಳಿ. ಅಷ್ಟಕ್ಕೆ ಆ ಬೆಲೆ ಸರಿ ಅನ್ನಿಸದಿದ್ದರೆ ಬಿಟ್ಟುಬಿಡಿ.

ಮಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎರಡು ಅಡ್ಡಿ ಇವೆ, ಈಗಲೇ ತಿಳಿದಿರುವುದು ಒಳ್ಳೆಯದು. 100 ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ಭಾರತದಿಂದ ಹೊರಗೆ ಒಯ್ಯದಂತೆ 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ಕಾರ್ಪೆಟ್ ಆ ವಯಸ್ಸಿನದ್ದಲ್ಲ ಎಂದು ತೋರಿಸಬೇಕಾದರೆ ಪುರಾತತ್ವ ಇಲಾಖೆಯಿಂದ ಪ್ರಮಾಣಪತ್ರ ಬೇಕಾಗಬಹುದು. ಇನ್ನೊಂದು ಅಡ್ಡಿ ಅಮೆರಿಕದ ಕಡೆಯಿಂದ. ಇರಾನಿನ ಕಾರ್ಪೆಟ್ ಆಮದಿಗೆ ಅಲ್ಲಿ 1987ರಲ್ಲಿ ತಡೆ ಬಂತು, 2000ದಲ್ಲಿ ತೆರವಾಯಿತು, 2010ರಲ್ಲಿ ಮತ್ತೆ ಬಂತು, 2016ರಲ್ಲಿ ತೆರವಾಯಿತು, 2018ರ ಆಗಸ್ಟ್‌ನಲ್ಲಿ ಮತ್ತೆ ಬಿತ್ತು. ಮನೆಯಲ್ಲಿ ಬಳಸಿದ ಸಾಮಾನಿಗೆ ಬೇರೆ ನಿಯಮಗಳಿರುತ್ತವೆ, ಆ ಸಮಯ ಬಂದಾಗ ಮಗಳು ಅಲ್ಲಿನ ಕಸ್ಟಮ್ಸ್ ನಿಯಮ ಬಲ್ಲವರನ್ನು ಕೇಳಲಿ. ಮಗಳಿಗೆಂದೇ ಕೊಳ್ಳುವುದಾದರೆ ಅಮೆರಿಕದಲ್ಲಿ ಮೊದಲಿನಿಂದ ಇರುವ ಹಳೆಯ ಕಾರ್ಪೆಟ್ಟನ್ನು ಅಲ್ಲೇ ಕೊಳ್ಳುವುದು ಸುಲಭ.

ನಾಯಿಯ ಬಗ್ಗೆ ಕೇಳಿದ್ದೀರಿ. ಅದರ ಓಡಾಟದಿಂದ ಹೆರಿಜ್‌ಗೆ ಏನೂ ಆಗುವುದಿಲ್ಲ. ಮೂತ್ರ ಮಾತ್ರ ಅಪಾಯ. ಬಣ್ಣವನ್ನೂ ಹರಿಸುತ್ತದೆ, ಕೆಳಗಿನ ಹತ್ತಿಯನ್ನೂ ಕೊಳೆಸುತ್ತದೆ. ಆದ ತಕ್ಷಣ ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ತಣ್ಣೀರು ಹಾಕಿ ಮತ್ತೆ ಹೀರಿಸಿ, ಕೆಳಗೆ ಏನಾದರೂ ಕೊಟ್ಟು ಎತ್ತಿ ಫ್ಯಾನ್ ಹಾಕಿ ಎರಡೂ ಕಡೆ ಒಣಗಿಸಿ. ಉಜ್ಜಬೇಡಿ. ಬಿಸಿನೀರು, ಬಟ್ಟೆ ಸೋಪಿನ ಪುಡಿ ಬೇಡ. ಮರಿ ಇನ್ನೂ ಅಭ್ಯಾಸ ಆಗದ ವಯಸ್ಸಿನದ್ದಾದರೆ ಕಾರ್ಪೆಟ್ಟನ್ನು ಒಂದು ವರ್ಷ ತಡವಾಗಿಯೇ ಹಾಸಿ.

ನುಸಿಹುಳು ಇನ್ನೊಂದು ಶತ್ರು. ಹಾರುವ ಪತಂಗ ಉಣ್ಣೆ ತಿನ್ನುವುದಿಲ್ಲ, ಅದರ ಮರಿಹುಳು ತಿನ್ನುತ್ತದೆ. ಕತ್ತಲು, ಅಲುಗಾಡದ ಜಾಗ ಅದಕ್ಕೆ ಇಷ್ಟ. ಸೋಫಾ, ದಿವಾನ್ ಕೆಳಗಿನ ಭಾಗ ಅಂದರೆ ಸರಿ. ಮಳೆಗಾಲದಲ್ಲಂತೂ ತಿಂಗಳಿಗೊಮ್ಮೆ ಸೋಫಾ ಸರಿಸಿ ಎರಡೂ ಬದಿ ವ್ಯಾಕ್ಯೂಮ್ ಮಾಡಿ. ತಿರುಗುವ ಬ್ರಷ್ ಇರುವ ಮೂತಿ ಬೇಡ, ಕುಚ್ಚಿನ ಮೇಲೆ ವ್ಯಾಕ್ಯೂಮ್ ಓಡಿಸಬೇಡಿ. ಬೇವಿನ ಎಲೆ ಇಟ್ಟು ನಿಶ್ಚಿಂತೆ ಇರುವವರಿದ್ದಾರೆ, ಅದೊಂದೇ ಸಾಲದು. ವರ್ಷಕ್ಕೊಮ್ಮೆ ಕಾರ್ಪೆಟ್ಟನ್ನು ಅರ್ಧ ಸುತ್ತು ತಿರುಗಿಸಿ ಹಾಸಿದರೆ ಸವೆತವೂ ಬಿಸಿಲೂ ಎಲ್ಲ ಕಡೆ ಹಂಚಿಹೋಗುತ್ತದೆ. ನುಣುಪು ಟೈಲ್ಸ್ ಇದ್ದರೆ ಕೆಳಗೆ ದಪ್ಪ ಫೆಲ್ಟ್ ಹಾಸು ಬೇಕೇ ಬೇಕು. ಜಾರುವುದೂ ತಪ್ಪುತ್ತದೆ, ಗಂಟುಗಳ ಮೇಲಿನ ಒತ್ತಡವೂ ಇಳಿಯುತ್ತದೆ.

ತೊಳೆಯುವುದು ಕೆಲವು ವರ್ಷಕ್ಕೊಮ್ಮೆ ಸಾಕು. ಹಾಸಿದಲ್ಲೇ ನೊರೆ ಹಾಕಿ ಉಜ್ಜುವ ಶಾಂಪೂ ಸರ್ವಿಸ್‌ನವರನ್ನು ಕರೆಯಬೇಡಿ. ಸೋಪು ಒಳಗೇ ಉಳಿಯುತ್ತದೆ, ತೇವವೂ ಉಳಿಯುತ್ತದೆ. ಪೂರ್ತಿ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸುವವರೇ ಬೇಕು. ಟೆಹ್ರಾನ್ ಪಕ್ಕದ ರೇ ಊರಿನಲ್ಲಿ ಚಶ್ಮೆ ಅಲಿ ಎಂಬ ಚಿಲುಮೆ ಇದೆ. ಜನ ಅಲ್ಲಿ ಕಾರ್ಪೆಟ್ಟುಗಳನ್ನು ಹರಿಯುವ ನೀರಿನಲ್ಲಿ ತೊಳೆದು ಪಕ್ಕದ ಬಂಡೆಗಳ ಮೇಲೆ ಒಣಹಾಕುತ್ತಿದ್ದರು. ಒಳ್ಳೆಯ ಬಣ್ಣದ ಕಾರ್ಪೆಟ್ ನೀರಿಗೆ ಹೆದರುವುದಿಲ್ಲ.

ಕೊನೆಗೆ ವ್ಯವಹಾರ. ಹೆರಿಜ್ ಎಲ್ಲ ಪರೀಕ್ಷೆಗಳಲ್ಲಿ ಪಾಸಾದರೆ ಮೂರು ದಿನ ಮನೆಯಲ್ಲಿಟ್ಟು ನೋಡಲು ಕೇಳಿ. ಬೆಲೆಬಾಳುವ ಕಾರ್ಪೆಟ್ ಮಾರುವವರು ಇದಕ್ಕೆ ಒಪ್ಪುವುದುಂಟು. ನಿಮ್ಮ ಹಾಲಿಗೆ 9 ಅಡಿಗೆ 12 ಅಡಿ ಸರಿಹೋಗುತ್ತದೆ, ಸುತ್ತ ಎರಡೂವರೆ ಮೂರು ಅಡಿ ನೆಲ ಉಳಿಯುತ್ತದೆ. ಸೋಫಾದ ಮುಂಗಾಲು ಕಾರ್ಪೆಟ್ಟಿನ ಮೇಲಿರಲಿ. ಹಳೆಯ ಹಳ್ಳಿ ಕಾರ್ಪೆಟ್ಟಿನ ಎರಡು ತುದಿಗಳ ಅಗಲದಲ್ಲಿ ಒಂದೆರಡು ಇಂಚು ವ್ಯತ್ಯಾಸ ಇದ್ದೇ ಇರುತ್ತದೆ, ಅದಕ್ಕೆ ಜಗಳ ಬೇಡ. ಬಿಲ್ಲಿನಲ್ಲಿ ಊರು, ಅಂದಾಜು ವಯಸ್ಸು, ಉಣ್ಣೆ ಮತ್ತು ಹತ್ತಿ ಎಂಬ ವಿವರ, ಅಳತೆ, ಆಗಿರುವ ಎರಡೂ ರಿಪೇರಿ, ವಾಪಸು ತೆಗೆದುಕೊಳ್ಳುವ ಷರತ್ತು, ಇಷ್ಟನ್ನೂ ಬರೆಸಿ ಸಹಿ ಹಾಕಿಸಿ. ಬರೆದುಕೊಡಲು ಒಪ್ಪಿದರೆ ಮೂರೂವರೆಯಿಂದ ಕೆಳಗೆ ಚೌಕಾಸಿ ಶುರುಮಾಡಿ. ಒಪ್ಪದಿದ್ದರೆ ಬೇರೆ ಹೆರಿಜ್ ಹುಡುಕಿ, ಸಿಗುತ್ತದೆ.